ಮಾಸ್ತರ್ ಬಂದ ವರ್ಷ: 1950ರ ಹೈದರಾಬಾದ್ ಪೊಲೀಸ್ ಫುಟ್‌ಬಾಲ್ ತಂಡ

2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಸಯ್ಯದ್ ಶಾಹಿದ್ ಹಕೀಂ ತೀರಿಕೊಂಡರು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋಗಿದ್ದ ಭಾರತ ಫುಟ್‌ಬಾಲ್ ತಂಡದ ಸದಸ್ಯ, ವಾಯುಪಡೆಯ ಅಧಿಕಾರಿ, ಅಂತರರಾಷ್ಟ್ರೀಯ ರೆಫರಿ, 2017ರ ಧ್ಯಾನ್‌ಚಂದ್ ಪ್ರಶಸ್ತಿ ಪುರಸ್ಕೃತ ಎಂದೆಲ್ಲ ಪತ್ರಿಕೆಗಳು ಬರೆದವು. ಅವರ ತಂದೆ ಸಯ್ಯದ್ ಅಬ್ದುಲ್ ರಹೀಮ್ ಎಂಬುದನ್ನೂ ಬರೆದವು. ಆ ಹೆಸರು ಆಗ ಬಹಳ ಮಂದಿಗೆ ಹೊಳೆದಿರಲಾರದು. ಮೂರು ವರ್ಷಗಳ ನಂತರ, 2024ರಲ್ಲಿ, ‘ಮೈದಾನ್’ ಎಂಬ ಹಿಂದಿ ಚಿತ್ರ ತೆರೆಗೆ ಬಂದಾಗ ದೇಶಕ್ಕೆ ಆ ಹೆಸರು ಮತ್ತೆ ಪರಿಚಯವಾಯಿತು.

ಚಿತ್ರ ಹೇಳುವುದು ಭಾರತ ತಂಡದ ಕಥೆಯನ್ನು. ಅದಕ್ಕೂ ಹಿಂದಿನ ಒಂದು ಕಥೆ ಇದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರೊಬ್ಬರು 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಮೊದಲ ಋತುವಿನಲ್ಲೇ ದೇಶದ ಎರಡು ದೊಡ್ಡ ಕಪ್‌ಗಳನ್ನು ತಂದರು. ಈ ಕಥೆಗೂ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಸರಳವಾದುದು: ಆ ವರ್ಷ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಗೆದ್ದದ್ದು ಈ ಜನರ ರಾಜಧಾನಿಯ ತಂಡ. ಆದರೂ ಕರ್ನಾಟಕದ ಕ್ರೀಡೆಯ ಚರಿತ್ರೆಯಲ್ಲಿ ಆ ಗೆಲುವಿಗೆ ಜಾಗವಿಲ್ಲ. ಆ ಚರಿತ್ರೆ ಬೆಂಗಳೂರಿನಲ್ಲಿ ಆರಂಭವಾಗಿ ಅಲ್ಲೇ ಮುಗಿಯುತ್ತದೆ.

ಗಡಿಯ ಮೂರು ತಾಲ್ಲೂಕುಗಳು

ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ 16 ಜಿಲ್ಲೆಗಳು. ಅವುಗಳಲ್ಲಿ ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಕನ್ನಡ ಭಾಗ. (ಗುಲ್ಬರ್ಗಾ ಕಲಬುರಗಿ ಆದದ್ದು 2014ರಲ್ಲಿ. ಇಲ್ಲಿ ಆ ಕಾಲದ ಹೆಸರನ್ನೇ ಬಳಸಲಾಗಿದೆ.) ಗುಲ್ಬರ್ಗಾ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ. ಗಡಿ ದಾಟಿದರೆ ಬಿಜಾಪುರ, ಸೊಲ್ಲಾಪುರದ ಸೀಮೆ. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಕಲ್ದಾರ್ ರೂಪಾಯಿ, ಇಲ್ಲಿ ನಿಜಾಮರ ಹಾಲಿ ಸಿಕ್ಕಾ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಹೊಲದ ಕಾಗದವಾಗಲಿ ಠಾಣೆಯ ಪಂಚನಾಮೆಯಾಗಲಿ ಉರ್ದುವಿನಲ್ಲೇ ಆಗಬೇಕು.

ಓದಿನ ದಾರಿಯೂ ಹೈದರಾಬಾದಿನ ಕಡೆಗೇ ಹೋಗುತ್ತಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ನೀಡಲೆಂದೇ ಹುಟ್ಟಿದ್ದು. ಗುಲ್ಬರ್ಗಾದಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿ ಪದವಿ ಬೇಕೆಂದವರು ರೈಲು ಹತ್ತಿ ಹೈದರಾಬಾದಿಗೆ ಹೋಗಬೇಕಿತ್ತು. ಕಾಲೇಜಿನ ಫುಟ್‌ಬಾಲ್ ಎಂಬುದೊಂದು ಇದ್ದರೆ ಅದು ಇದ್ದದ್ದೂ ಅಲ್ಲೇ.

ಹಾಗೆಂದು ಈ ತಾಲ್ಲೂಕುಗಳ ಊರೂರಲ್ಲಿ ಫುಟ್‌ಬಾಲ್ ಆಡುತ್ತಿದ್ದರು ಎಂದು ಭಾವಿಸುವುದು ತಪ್ಪಾಗುತ್ತದೆ. ಇಲ್ಲಿನ ಆಟ ಕುಸ್ತಿ. ಜಾತ್ರೆಯಿರಲಿ, ಉರುಸಿರಲಿ, ಕೊನೆಯ ದಿನ ಪೈಲ್ವಾನರು ಅಖಾಡಕ್ಕೆ ಇಳಿಯದಿದ್ದರೆ ಅದು ಮುಗಿದಂತಲ್ಲ. ಅದು ಬಿಟ್ಟರೆ ಹುತುತು, ಖೋಖೋ. ಚರ್ಮದ ಚೆಂಡು ಕೊಳ್ಳುವುದು, ಅದಕ್ಕೆ ಗಾಳಿ ತುಂಬುವುದು, ಹದವಾದ ಮೈದಾನ ಹುಡುಕುವುದು – ಇವೆಲ್ಲ ದಂಡಿನ ಪ್ರದೇಶ, ಕಾಲೇಜು, ಪೊಲೀಸ್ ಲೈನುಗಳಿಗೆ ಸಾಧ್ಯವಾದ ಮಾತು. ಎರೆಮಣ್ಣಿನ ನೆಲದಲ್ಲಿ ಮಳೆಗಾಲದ ಫುಟ್‌ಬಾಲ್ ಹೇಗಿರುತ್ತದೆಂದು ಜೇವರ್ಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡೇ ವರ್ಷದ ಹಿಂದೆ

1950ರ ಗೆಲುವಿನ ತೂಕ ತಿಳಿಯಬೇಕಾದರೆ 1948ನ್ನು ನೆನೆಯಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದ್ ಒಕ್ಕೂಟಕ್ಕೆ ಸೇರಿರಲಿಲ್ಲ. ಖಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹೆದರಿ ಗಡಿ ತಾಲ್ಲೂಕುಗಳ ಜನ ಊರು ಬಿಟ್ಟು ಬಿಜಾಪುರ, ಸೊಲ್ಲಾಪುರದ ಕಡೆಗೆ ಹೋದರು. ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳು ಎದ್ದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮರ ಸೇನೆ ಶರಣಾಯಿತು. ಸೇನೆ ನಡೆಸಿದ ಈ ದಾಳಿಗೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರೇ ನಿಂತಿತು.

ಆಮೇಲಿನದು ಹೆಚ್ಚು ಮಾತಾಡದ ಅಧ್ಯಾಯ. ಸೇಡಿನ ಹಿಂಸೆ ಈ ಸಲ ಮುಸ್ಲಿಮರ ಮೇಲೆ ತಿರುಗಿತು. ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿ 1948ರ ನವೆಂಬರ್–ಡಿಸೆಂಬರ್‌ನಲ್ಲಿ ಸಂಸ್ಥಾನದಲ್ಲಿ ಸುತ್ತಾಡಿ ವರದಿ ಬರೆಯಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ನಾಲ್ಕನ್ನು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ್. ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ.

ಇಂಥ ನೆಲದಲ್ಲಿ ‘ಹೈದರಾಬಾದ್ ಪೊಲೀಸ್’ ಎಂಬ ಎರಡು ಪದಗಳು ಯಾವ ಭಾವನೆ ಎಬ್ಬಿಸುತ್ತಿದ್ದವು ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಿಜ, ಸಿಟಿ ಪೊಲೀಸ್ ಎಂಬುದು ರಾಜಧಾನಿಯ ಕೊತ್ವಾಲರ ಕೈಕೆಳಗಿನ ಬೇರೆಯೇ ಪಡೆ. ಜಿಲ್ಲೆಯ ಠಾಣೆಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಹಳ್ಳಿಯವನಿಗೆ ಖಾಕಿ ಎಂದರೆ ಖಾಕಿಯೇ. ಅದೇ ಹೆಸರಿನ ಹನ್ನೊಂದು ಮಂದಿ ಎರಡೇ ವರ್ಷದಲ್ಲಿ ದೆಹಲಿಯ ಮೈದಾನದಲ್ಲಿ ನಿಂತು ಸ್ವತಂತ್ರ ಭಾರತದ ಮೊದಲ ಡುರಾಂಡ್ ಕಪ್ ಎತ್ತಿಕೊಂಡರು. ಹಿಂದೂ, ಮುಸ್ಲಿಂ, ಕ್ರೈಸ್ತ ಹುಡುಗರು ಒಟ್ಟಿಗೆ ಆಡಿ ಬೆಳೆದ ಫುಟ್‌ಬಾಲ್ ಹೈದರಾಬಾದಿನದು.

ಸೋಲು ಕಂಡಿದ್ದ ತಂಡ

ಹೈದರಾಬಾದಿಗೆ ಫುಟ್‌ಬಾಲ್ ಹೊಸದೇನಲ್ಲ. ಸಿಕಂದರಾಬಾದ್, ಬೊಲಾರಂ ದಂಡುಗಳಲ್ಲಿ ಬ್ರಿಟಿಷ್ ಸೋಲ್ಜರರು ಆಡುತ್ತಿದ್ದ ಆಟ ನಗರದ ಗಲ್ಲಿಗಳಿಗೆ ಇಳಿದಿತ್ತು. ಪೊಲೀಸ್ ತಂಡವನ್ನು ಮೊದಲು ಪಳಗಿಸಿದವರು ನಾರ್ಬರ್ಟ್ ಆಂಡ್ರ್ಯೂ ಫ್ರುವಾಲ್. 1943ರಲ್ಲಿ ಈ ತಂಡ ಬೆಂಗಳೂರಿಗೆ ಬಂದು ಆಶ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಬ್ರಿಟನ್ನಿನ ವಾಯುಪಡೆಯ ತಂಡವನ್ನು ಸೋಲಿಸಿತು. ಎದುರಾಳಿ ತಂಡದಲ್ಲಿ ಆಡಿದವರಲ್ಲಿ ಡೆನಿಸ್ ಕಾಂಪ್ಟನ್ ಒಬ್ಬರು. ಕ್ರಿಕೆಟ್ ಬಲ್ಲವರಿಗೆ ಈ ಹೆಸರು ಗೊತ್ತಿದ್ದೇ ಇದೆ. ಇಂಗ್ಲೆಂಡಿನ ಆ ದೊಡ್ಡ ಬ್ಯಾಟ್ಸ್‌ಮನ್ ಆರ್ಸೆನಲ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರನೂ ಹೌದು.

ಹಾಗೆ ನೋಡಿದರೆ ಕನ್ನಡ ನಾಡಿನ ಇನ್ನೊಂದು ತಂಡ ಇದಕ್ಕೂ ಮುಂಚೆ ಹೆಸರು ಮಾಡಿತ್ತು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಕಪ್ ಮುಟ್ಟಿದ ಮೊದಲ ಭಾರತೀಯ ನಾಗರಿಕ ತಂಡ. ಅಲ್ಲಿಯವರೆಗೆ ಅದು ಬ್ರಿಟಿಷ್ ರೆಜಿಮೆಂಟುಗಳ ಸ್ವತ್ತು. ಅವರು 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮೈಸೂರು ಗೆದ್ದಿತ್ತು.

ಹೈದರಾಬಾದಿನವರಿಗೆ ಅಂಥ ಗೆಲುವು ಇನ್ನೂ ಒಲಿದಿರಲಿಲ್ಲ. 1949–50ರ ಸಂತೋಷ್ ಟ್ರೋಫಿಯ ಫೈನಲ್‌ಗೆ ಅವರು ಬಂದರು. ಕಲ್ಕತ್ತಾದಲ್ಲಿ ಎದುರು ಸಿಕ್ಕಿದ್ದು ಬಂಗಾಳ. ಫಲಿತಾಂಶ 5–0. ಬರಿಗಾಲಲ್ಲಿ ಆಡಿ, ಒಬ್ಬೊಬ್ಬರೂ ಚೆಂಡನ್ನು ಕುಣಿಸುತ್ತ ಹೋಗುವ ಸೊಗಸು ಎಲ್ಲರಲ್ಲೂ ಇದ್ದ ಕಾಲ ಅದು. ಹೈದರಾಬಾದಿನ ಹುಡುಗರಲ್ಲೂ ಆ ಸೊಗಸಿಗೆ ಬರವಿರಲಿಲ್ಲ. ಬರವಿದ್ದದ್ದು ಬೇರೆಯದಕ್ಕೆ.

ಮಾಸ್ತರರ ಹಿನ್ನೆಲೆ

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾದಲ್ಲಿ ಕಲಾ ಪದವಿ ಓದುತ್ತಲೇ ವಿಶ್ವವಿದ್ಯಾಲಯದ ಹುಡುಗರು ಕಟ್ಟಿಕೊಂಡಿದ್ದ ‘ಇಲೆವೆನ್ ಹಂಟರ್ಸ್’ ತಂಡದಲ್ಲಿ ಆಡಿದರು. ನಂತರ ಖಮರ್ ಕ್ಲಬ್. ಹೊಟ್ಟೆಪಾಡಿಗೆ ಹಿಡಿದದ್ದು ಶಾಲಾ ಮಾಸ್ತರಿಕೆ. ಕಾಚಿಗುಡ ಮಿಡ್ಲ್ ಸ್ಕೂಲ್, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ – ಹೀಗೆ ಶಾಲೆಯಿಂದ ಶಾಲೆಗೆ. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಕೊನೆಯ ಎರಡು ಶಾಲೆಗಳಲ್ಲಿ ಆಟೋಟಗಳ ಹೊಣೆಯನ್ನೂ ಹೊತ್ತರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹುದ್ದೆಯಲ್ಲಿದ್ದರು.

ಪೊಲೀಸ್ ತಂಡಕ್ಕೆ ಪೊಲೀಸನಲ್ಲದ, ಮೈದಾನದಲ್ಲಿ ದೊಡ್ಡ ತಾರೆಯೂ ಆಗಿರದ ಶಿಕ್ಷಕನೊಬ್ಬ ತರಬೇತುದಾರ! ಆಗಿನ ಭಾರತದಲ್ಲಿ ತರಬೇತುದಾರ ಎಂಬ ಹುದ್ದೆಗೇ ಸರಿಯಾದ ಅರ್ಥ ಮೂಡಿರಲಿಲ್ಲ. ದೊಡ್ಡ ಕ್ಲಬ್ಬುಗಳಲ್ಲಿ ತಂಡ ಆರಿಸುವವರು ಪದಾಧಿಕಾರಿಗಳು, ಮೈದಾನದಲ್ಲಿ ತೀರ್ಮಾನ ಕ್ಯಾಪ್ಟನ್ನನದು. ಆಟ ತಾನಾಗಿ ಬರುವ ವಿದ್ಯೆ, ಕಲಿಸುವಂಥದ್ದಲ್ಲ ಎಂಬುದೇ ನಂಬಿಕೆ. ರಹೀಮ್ ಅದನ್ನು ಗಣಿತದಂತೆ, ವ್ಯಾಕರಣದಂತೆ ಕಲಿಸಬಹುದು ಎಂದುಕೊಂಡವರು. ಅವರ ಇಡೀ ಸಾಧನೆಯ ಬುಡದಲ್ಲಿ ಇರುವುದು ಈ ಒಂದು ಮೇಷ್ಟ್ರ ಬುದ್ಧಿಯೇ.

ಅವರು ಕಲಿಸಿದ್ದೇನು?

ಮೊದಲನೆಯದು ಚೆಂಡನ್ನು ಬಿಡುವುದು. ಕಾಲಿಗೆ ಸಿಕ್ಕ ಚೆಂಡನ್ನು ಇಬ್ಬರು ಮೂವರನ್ನು ತಪ್ಪಿಸಿಕೊಂಡು ಒಯ್ಯುವುದು ನೋಡುವವರಿಗೆ ಚೆನ್ನ. ಆದರೆ ಅಷ್ಟರಲ್ಲಿ ಎದುರಾಳಿಯ ರಕ್ಷಣೆ ಗಟ್ಟಿಯಾಗಿರುತ್ತದೆ. ಇದನ್ನು ಬಿಡಿಸಲು ರಹೀಮ್ ಒಂದು ವಿಚಿತ್ರ ಉಪಾಯ ಹೂಡಿದರು. ಹುಡುಗರಿಗಾಗಿ ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನೇ ನಡೆಸಿದರು. ಚೆಂಡು ಬಂದೊಡನೆ ಪಾಸ್ ಕೊಡಬೇಕು, ಕುಣಿಸಿದರೆ ತಪ್ಪು. ಹೀಗೆ ಆಡಬೇಕಾದವನು ಚೆಂಡು ಬರುವ ಮೊದಲೇ ತಲೆಯೆತ್ತಿ ಯಾರು ಎಲ್ಲಿದ್ದಾರೆಂದು ನೋಡಿರಬೇಕು. ಪಾಸ್ ಕೊಟ್ಟವನು ನಿಂತು ನೋಡುವಂತಿಲ್ಲ, ಮುಂದಿನ ಪಾಸಿಗೆ ಜಾಗ ಮಾಡಿಕೊಳ್ಳಬೇಕು. ನಿಯಮ ಒಂದೇ, ಅದರಿಂದ ಬರುವ ಅಭ್ಯಾಸಗಳು ಹತ್ತು.

ಎರಡನೆಯದು ಇನ್ನೊಂದು ಕಾಲು. ಬಲಗಾಲಿನವನಿಗೆ ಎಡಗಾಲು ಬರೀ ಊರಿಕೊಳ್ಳಲು ಎಂಬಂತೆ ಇರುತ್ತದೆ. ದುರ್ಬಲ ಕಾಲಿನಿಂದಲೇ ಒದೆಯಬೇಕು ಎಂಬ ಕಟ್ಟಳೆಯ ಅಭ್ಯಾಸವನ್ನೂ ಅವರು ಮಾಡಿಸಿದರು. ಸಾಲು ಸಾಲು ತಪ್ಪು ಮಾಡುತ್ತ ಕಲಿಯುವ ಪಾಠ ಇದು. ಕಾಪಿ ಬರೆಸಿದ ಅನುಭವವಿರುವ ಮಾಸ್ತರರಿಗೇ ಇಂಥ ತಾಳ್ಮೆ ಇರಲು ಸಾಧ್ಯವೇನೋ.

ಮೂರನೆಯದು ಜಾಗ. ಆ ದಿನಗಳಲ್ಲಿ ತಂಡ ನಿಲ್ಲುತ್ತಿದ್ದುದು ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್ ಎಂಬ ಲೆಕ್ಕದಲ್ಲಿ. ಯಾರು ಯಾವಾಗ ಹಿಂದೆ ಬರಬೇಕು, ಯಾರ ಜಾಗವನ್ನು ಯಾರು ತುಂಬಬೇಕು ಎಂಬುದನ್ನು ರಹೀಮ್ ತಲೆಗೆ ಹತ್ತುವವರೆಗೆ ಹೇಳುತ್ತಿದ್ದರು. ಮುಂದೆ 1953ರಲ್ಲಿ ಹಂಗೆರಿ ತಂಡ ಇಂಗ್ಲೆಂಡನ್ನು ಅದರ ನೆಲದಲ್ಲೇ 6–3ರಿಂದ ಸೋಲಿಸಿದಾಗ ಜಗತ್ತು ಬೆರಗಾದದ್ದು ಆ ತಂಡದ ಸೆಂಟರ್ ಫಾರ್ವರ್ಡ್ ಹಿಂದೆ ಸರಿದು ಆಡಿದ ಜಾಣತನಕ್ಕೆ. ಅದನ್ನು ಬೇಗ ಅರಗಿಸಿಕೊಂಡು ಭಾರತ ತಂಡಕ್ಕೆ ತಂದವರೂ ಇವರೇ. ಹೊರಗಿನ ವಿದ್ಯೆಯನ್ನು ಓದಿ ತಿಳಿದುಕೊಂಡು, ತನ್ನ ಹುಡುಗರಿಗೆ ಹೊಂದುವಷ್ಟನ್ನು ಮಾತ್ರ ಕೊಡುವ ಬಗೆ ಅವರದು.

ಪೊಲೀಸ್ ತಂಡವಾದ್ದರಿಂದ ಒಂದು ಅನುಕೂಲವಿತ್ತು ಎಂಬುದನ್ನೂ ಮರೆಯಬಾರದು. ಆಟಗಾರರಿಗೆ ಸರ್ಕಾರಿ ನೌಕರಿ, ತಿಂಗಳಿಗೆ ಸಂಬಳ, ಒಂದೇ ಊರಿನ ವಾಸ. ಬೆಳಗಿನ ಕವಾಯತಿಗೆ ಬಾರದಿದ್ದರೆ ಏನಾಗುತ್ತದೆಂದು ಪೊಲೀಸನಿಗೆ ಗೊತ್ತು. ಕಲ್ಕತ್ತಾದ ಕ್ಲಬ್ಬುಗಳು ದಕ್ಷಿಣದಿಂದ ಆಟಗಾರರನ್ನು ಕರೆಸಿಕೊಂಡು ತಂಡ ಕಟ್ಟುತ್ತಿದ್ದ ಕಾಲದಲ್ಲಿ, ರಹೀಮರಿಗೆ ವರ್ಷವಿಡೀ ಕಣ್ಣೆದುರೇ ಇರುವ ಶಿಷ್ಯರು ಸಿಕ್ಕರು.

ಆ ಋತು

ಬಲ ಬದಿಯ ಬ್ಯಾಕ್ ಸಯ್ಯದ್ ಖಾಜಾ ಅಜೀಜುದ್ದೀನ್, ಎಡ ಹಾಫ್ ನೂರ್ ಮಹಮ್ಮದ್, ಮುಂದೆ ಮೊಯಿನ್, ಲಾಯಕ್ – ತಂಡದ ಬೆನ್ನೆಲುಬು ಇವರು. ಇವರಲ್ಲಿ ಅಜೀಜ್ ಮತ್ತು ನೂರ್ ಮುಂದೆ ಎರಡೆರಡು ಒಲಿಂಪಿಕ್ಸ್ ಕಂಡರು.

1950ರಲ್ಲಿ ತಂಡ ರೋವರ್ಸ್ ಕಪ್‌ಗಾಗಿ ಮುಂಬಯಿಯ ಕೂಪರೇಜ್ ಮೈದಾನಕ್ಕೆ ಇಳಿಯಿತು. ಹೈದರಾಬಾದಿನಿಂದ ಮುಂಬಯಿಗೆ ರೈಲಿನ ಹೆದ್ದಾರಿ ವಾಡಿ, ಶಹಾಬಾದ್, ಗುಲ್ಬರ್ಗಾ, ಗಾಣಗಾಪುರ ರೋಡ್, ಸೊಲ್ಲಾಪುರದ ಮೇಲೆಯೇ. ಅಫಜಲಪುರ ತಾಲ್ಲೂಕಿನ ದತ್ತಕ್ಷೇತ್ರಕ್ಕೆ ಬರುವ ಭಕ್ತರು ಇಳಿಯುವ ಅದೇ ಗಾಣಗಾಪುರ ರೋಡ್. ಆ ಹಾದಿಯ ತುದಿಯಲ್ಲಿ, ಕೂಪರೇಜ್‌ನಲ್ಲಿ, ಪೊಲೀಸರು ಕಪ್ ಗೆದ್ದರು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್, 1949ರಲ್ಲಿ ಈಸ್ಟ್ ಬೆಂಗಾಲ್ ಗೆದ್ದಿದ್ದ ಕಪ್ ಮತ್ತೆ ದಖ್ಖನಿಗೆ ಬಂತು.

ಎಲ್ಲವೂ ಗೆಲುವಾಗಲಿಲ್ಲ. 1950–51ರ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಹೈದರಾಬಾದ್ ಮತ್ತೆ ಕಲ್ಕತ್ತಾದಲ್ಲಿ ಬಂಗಾಳವನ್ನು ಎದುರಿಸಿ ಸೋತಿತು. ಆದರೆ ಹಿಂದಿನ ಸಲದ ಐದು ಗೋಲುಗಳ ಜಾಗದಲ್ಲಿ ಈಗ ಒಂದೇ. ಗೆದ್ದ ಕಪ್‌ಗಳಿಗಿಂತ ಈ 1–0 ಸೋಲು ತರಬೇತುದಾರನ ಕೆಲಸವನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ.

ಡುರಾಂಡ್ ಕಪ್‌ನ ಮಾತು ಬೇರೆ. 1888ರಲ್ಲಿ ಶಿಮ್ಲಾದಲ್ಲಿ ಬ್ರಿಟಿಷ್ ಸೇನೆಗಾಗಿ ಹುಟ್ಟಿದ ಪಂದ್ಯಾವಳಿ ಅದು. ಅರ್ಧ ಶತಮಾನ ಕಳೆದರೂ ಅದನ್ನು ಗೆದ್ದ ಭಾರತೀಯ ನಾಗರಿಕ ತಂಡ ಒಂದೇ, 1940ರಲ್ಲಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಆಮೇಲೆ ಯುದ್ಧ, ದೇಶ ವಿಭಜನೆ. ಒಂಬತ್ತು ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. 1950ರಲ್ಲಿ ಸ್ವತಂತ್ರ ಭಾರತದ ಸೇನೆ ಅದನ್ನು ದೆಹಲಿಯಲ್ಲಿ ಮತ್ತೆ ಆರಂಭಿಸಿತು. ಫೈನಲ್‌ಗೆ ಬಂದವರು ಮೋಹನ್ ಬಾಗಾನ್ ಮತ್ತು ಹೈದರಾಬಾದ್ ಸಿಟಿ ಪೊಲೀಸ್.

ಮೋಹನ್ ಬಾಗಾನ್ ಎಂದರೆ 1911ರಲ್ಲಿ ಬರಿಗಾಲಲ್ಲಿ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್. ಸ್ವಾತಂತ್ರ್ಯ ಚಳವಳಿಯ ಕಥೆಯಲ್ಲೇ ಅದಕ್ಕೊಂದು ಪುಟವಿದೆ. ಎದುರಿಗಿದ್ದದ್ದು ಒಕ್ಕೂಟಕ್ಕೆ ಎಲ್ಲರಿಗಿಂತ ತಡವಾಗಿ, ಅದೂ ಬಲವಂತದಿಂದ ಸೇರಿದ ಸಂಸ್ಥಾನಗಳಲ್ಲೊಂದರ ಪೊಲೀಸರು. ಮೊದಲ ದಿನ ಪಂದ್ಯ ಸಮವಾಯಿತು. ಮರುಪಂದ್ಯದಲ್ಲಿ ಪೊಲೀಸರು 1–0ರಿಂದ ಗೆದ್ದರು.

ಅದೇ ವರ್ಷದ ಜನವರಿ 26ರಂದು ಸಂವಿಧಾನ ಜಾರಿಗೆ ಬಂದು ನಿಜಾಮರು ರಾಜಪ್ರಮುಖರಾಗಿದ್ದರು. ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. ಜಾಗೀರುಗಳು ರದ್ದಾಗಿ ಒಂದು ವರ್ಷವಾಗಿತ್ತಷ್ಟೆ. ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟ ಇನ್ನೂ ನಿಂತಿರಲಿಲ್ಲ. ಹೈದರಾಬಾದಿನ ಹೆಸರು ದೆಹಲಿಯ ಪತ್ರಿಕೆಗಳಲ್ಲಿ ಇಂಥ ಸಂಗತಿಗಳಿಗಾಗಿಯೇ ಬರುತ್ತಿದ್ದಾಗ, ಕ್ರೀಡಾಪುಟದಲ್ಲಿ ಅದೇ ಹೆಸರು ಬೇರೊಂದು ಕಾರಣಕ್ಕೆ ಬಂತು. ಫುಟ್‌ಬಾಲ್ ಗಾಯ ಮಾಯಿಸಿತು ಎಂದು ಯಾರಾದರೂ ಬರೆದರೆ ಅದು ಅತಿಮಾತು. ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳಲ್ಲಿ ಅಪ್ಪ, ಅಣ್ಣಂದಿರನ್ನು ಕಳೆದುಕೊಂಡ ಮನೆಗಳಿಗೆ ಡುರಾಂಡ್ ಕಪ್‌ನಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಹೈದರಾಬಾದಿನವರು ಎಂಬ ಗುರುತನ್ನು ಅನುಮಾನದಿಂದ ನೋಡುತ್ತಿದ್ದ ಹೊತ್ತಿನಲ್ಲಿ, ತಲೆಯೆತ್ತಿ ಹೇಳಿಕೊಳ್ಳಬಹುದಾದ ಒಂದು ವಿಷಯ ಆ ರಾಜ್ಯಕ್ಕೆ ಸಿಕ್ಕಿತು.

ಆಮೇಲೆ

ಮುಂದಿನದನ್ನು ಬೇಗ ಹೇಳಿಬಿಡಬಹುದು. ರೋವರ್ಸ್ ಕಪ್ 1950ರಿಂದ 1954ರವರೆಗೆ ಸತತ ಐದು ವರ್ಷ ಪೊಲೀಸರ ಕೈಬಿಡಲಿಲ್ಲ. ಡುರಾಂಡ್ 1954ರಲ್ಲೂ 1957ರಲ್ಲೂ ಬಂತು. ರಹೀಮರಿಗೆ ಭಾರತ ತಂಡದ ಹೊಣೆ ಬಿತ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ವಿರುದ್ಧ 1–0 ಗೆಲುವು, ಚಿನ್ನ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1ರ ಹೀನಾಯ ಸೋಲು. ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದಕ್ಕೆ ತೆತ್ತ ಬೆಲೆ ಅದು. ಬೂಟು ಕಡ್ಡಾಯವಾದದ್ದು ಆಮೇಲೆ. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ಭಾರತ ಸೆಮಿಫೈನಲ್ ತಲುಪಿತು, ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೆ 2–1 ಗೆಲುವು. ಆ ಚಿನ್ನದ ತಂಡದಲ್ಲೂ ಬೆಂಗಳೂರಿನ ಒಬ್ಬರಿದ್ದರು, ಅರುಮೈನಾಯಗಂ. ಆ ಹೊತ್ತಿಗೆ ರಹೀಮರಿಗೆ ಕ್ಯಾನ್ಸರ್ ತಗಲಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು. ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಮತ್ತೆ ಸಿಕ್ಕಿಲ್ಲ.

ಪಾಲು ಹಂಚಿದಾಗ

ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಗುವ ಮೂರು ವಾರಗಳ ಮುಂಚೆ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೆ, ಮರಾಠಿ ಜಿಲ್ಲೆಗಳು ದ್ವಿಭಾಷಾ ಮುಂಬಯಿ ರಾಜ್ಯಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಹೋದವು. ಆಳಂದ, ಅಫಜಲಪುರ, ಜೇವರ್ಗಿಯ ಗಡಿಯಾಚೆಗಿನ ಬಿಜಾಪುರ ಜಿಲ್ಲೆ ಈಗ ಒಂದೇ ರಾಜ್ಯದ ನೆರೆ. ಕನ್ನಡಿಗರ ಬಹುದಿನದ ಬಯಕೆ ಈಡೇರಿತು. ಕಡತಗಳು, ನೌಕರರು, ಆಸ್ತಿ, ಸಾಲ ಎಲ್ಲವನ್ನೂ ಮೂರು ಪಾಲು ಮಾಡಲಾಯಿತು.

ಫುಟ್‌ಬಾಲ್‌ಗೆ ಪಾಲು ಮಾಡುವವರಿರಲಿಲ್ಲ. 1956–57ರ ಸಂತೋಷ್ ಟ್ರೋಫಿಯನ್ನು ಗೆದ್ದ ತಂಡದ ಹೆಸರು ‘ಹೈದರಾಬಾದ್’. ಫೈನಲ್‌ನಲ್ಲಿ ಮುಂಬಯಿ ಮೇಲೆ 4–1. 1957–58ರಲ್ಲೂ ಅದೇ ಹೆಸರು, ಅದೇ ಎದುರಾಳಿ, 3–1. ನಕಾಶೆಯಲ್ಲಿ ಇಲ್ಲದ ರಾಜ್ಯವೊಂದು ಮೈದಾನದಲ್ಲಿ ಗೆಲ್ಲುತ್ತಲೇ ಇತ್ತು. ಮುಂದೆ ಪೊಲೀಸ್ ತಂಡ ‘ಆಂಧ್ರ ಪೊಲೀಸ್’ ಆಗಿ 1961ರ ಡುರಾಂಡ್ ಗೆದ್ದಿತು. ಹೆಸರಿನ ಜೊತೆಗೆ ಹಳೆಯ ಗೆಲುವುಗಳೂ ಆ ಕಡೆಗೇ ಹೋದವು.

ಗುಲ್ಬರ್ಗಾ ಜಿಲ್ಲೆಯ ಮಟ್ಟಿಗೆ ಆದದ್ದು ಇನ್ನೊಂದು ಬಗೆಯ ನಷ್ಟ. ಹೈದರಾಬಾದ್ ಇಲ್ಲಿಂದ ಸುಮಾರು 220 ಕಿಲೋಮೀಟರ್. ಬೆಂಗಳೂರು ಅದರ ಎರಡೂವರೆ ಪಟ್ಟು ದೂರ. ಕಾಲೇಜುಗಳು ಉಸ್ಮಾನಿಯಾದ ಕೈಬಿಟ್ಟು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಗುಲ್ಬರ್ಗಾಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಆಟದಲ್ಲಿ ಮುಂದೆ ಬರಬೇಕೆಂಬ ಹುಡುಗನಿಗೆ ಒಂದು ರಾತ್ರಿಯ ರೈಲಿಗೂ ಸಾಕಾಗದಷ್ಟು ಹತ್ತಿರವಿದ್ದ ನಗರ ಪರರಾಜ್ಯದ ರಾಜಧಾನಿಯಾಯಿತು. ಬೆಂಗಳೂರಿನಲ್ಲಿ ಆಟಕ್ಕೆ ಕೊರತೆಯಿರಲಿಲ್ಲ. 1952–53ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು 1967–68, 1968–69ರಲ್ಲೂ ಗೆದ್ದಿತು. ಆದರೆ ಆ ಫುಟ್‌ಬಾಲ್ ಬೆಳೆದದ್ದು ಬೆಂಗಳೂರಿನ ದಂಡು ಪ್ರದೇಶದ ಗಲ್ಲಿಗಳಲ್ಲಿ, ಅಲ್ಲಿನ ಕಾರ್ಖಾನೆಗಳ ತಂಡಗಳಲ್ಲಿ. ಭೀಮೆಯ ದಡದವರಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿಯಾಯಿತು.

ಇನ್ನು ಹಕೀಂ. ತಂದೆ ಭಾರತ ತಂಡದ ತರಬೇತುದಾರರಾಗಿದ್ದ ಕಾಲದಲ್ಲೇ ಮಗ ಆಟಗಾರನಾಗಿ ಬೆಳೆದರು. ರೋಮ್‌ಗೆ ಹೋದ ತಂಡದಲ್ಲಿ ಅವರ ಹೆಸರಿತ್ತು. ಅಲ್ಲಿ ಭಾರತ ಮೂರು ಪಂದ್ಯ ಆಡಿತು – ಹಂಗೆರಿ ಎದುರು 2–1 ಸೋಲು, ಫ್ರಾನ್ಸ್ ಜೊತೆ 1–1 ಸಮ, ಪೆರು ಎದುರು 3–1 ಸೋಲು. ಮೂರರಲ್ಲಿ ಒಂದರಲ್ಲೂ ರಹೀಮ್ ತಮ್ಮ ಮಗನನ್ನು ಆಡಿಸಲಿಲ್ಲ. ಎರಡು ವರ್ಷಗಳ ನಂತರ ಜಕಾರ್ತಾಕ್ಕೆ ಹೊರಟ ತಂಡದಲ್ಲಂತೂ ಹಕೀಂ ಹೆಸರೇ ಇರಲಿಲ್ಲ. ಆ ತಂಡ ಚಿನ್ನ ತಂದಿತು. ಹಕೀಂ ಮುಂದೆ ಸೀಟಿ ಹಿಡಿದು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ತಂಡದ ಸಹಾಯಕ ತರಬೇತುದಾರರಾದರು. ಅವರು ಕಣ್ಣುಮುಚ್ಚಿದ ಊರು, ತಂದೆ ಮೊದಲ ಕಪ್ ಗೆದ್ದ ವರ್ಷ ತಂದೆಯ ರಾಜ್ಯದಲ್ಲೇ ಇದ್ದ ಗುಲ್ಬರ್ಗಾ.